ಯಕೃತ್ತಿನ ಕ್ಯಾನ್ಸರಿಗೆ ಅಯಸ್ಕಾಂತದ ಚಿಕಿತ್ಸೆ: ಅರ್ಧ ಶತಮಾನವಾದರೂ ಆಸ್ಪತ್ರೆಗೇಕೆ ಬಂದಿಲ್ಲ?

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧ. ಇಟಲಿಯ ಒಂದು ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಹುಟ್ಟಿದ ಔಷಧ ಕುಟುಂಬಕ್ಕೆ ಸೇರಿದ್ದು. ಏಡ್ರಿಯಾಟಿಕ್ ಸಮುದ್ರದ ಹೆಸರಿನ ಮೇಲೆ ಇದನ್ನು ಏಡ್ರಿಯಾಮೈಸಿನ್ ಎಂದೂ ಕರೆಯುತ್ತಾರೆ. ಕ್ಯಾನ್ಸರ್ ಕೋಶದ ಡಿಎನ್‌ಎ ಎಳೆಗಳ ನಡುವೆ ನುಗ್ಗಿ ಅದು ವಿಭಜನೆಯಾಗದಂತೆ ತಡೆಯುವುದು ಇದರ ಕೆಲಸ. ತೊಂದರೆಯೆಂದರೆ, ಎದುರಿಗಿರುವುದು ಕ್ಯಾನ್ಸರ್ ಕೋಶವೋ, ಕೂದಲ ಬೇರೋ, ಮೂಳೆಯ ಮಜ್ಜೆಯೋ, ಹೃದಯದ ಸ್ನಾಯುವೋ ಎಂಬುದು ಇದಕ್ಕೆ ಗೊತ್ತಾಗುವುದಿಲ್ಲ. ಹೃದಯಕ್ಕೆ ಆಗುವ ಪೆಟ್ಟು ಪ್ರತಿ ಡೋಸಿನೊಂದಿಗೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಒಬ್ಬ ರೋಗಿಗೆ ಇಡೀ ಜೀವಮಾನದಲ್ಲಿ ಕೊಡಬಹುದಾದ ಪ್ರಮಾಣಕ್ಕೇ ಒಂದು ಮಿತಿ ಇದೆ: ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ. ಅದು ಮುಗಿದರೆ, ಗಡ್ಡೆ ಕರಗುತ್ತಿದ್ದರೂ ವೈದ್ಯರು ಕೈಬಿಡಬೇಕಾಗುತ್ತದೆ.

ಇಂಥ ಔಷಧವನ್ನು ಗಡ್ಡೆ ಇರುವಲ್ಲೇ ಹಿಡಿದು ನಿಲ್ಲಿಸಿದರೆ ಹೇಗೆ? ಕಬ್ಬಿಣದ ಸೂಕ್ಷ್ಮ ಕಣಗಳಿಗೆ ಔಷಧವನ್ನು ಅಂಟಿಸಿ ರಕ್ತಕ್ಕೆ ಬಿಡುವುದು, ಗಡ್ಡೆಯ ನೇರಕ್ಕೆ ಚರ್ಮದ ಮೇಲೊಂದು ಬಲವಾದ ಅಯಸ್ಕಾಂತ ಇಡುವುದು, ಹರಿದು ಹೋಗುವ ಕಣಗಳು ಅಲ್ಲೇ ಸಿಕ್ಕಿಕೊಳ್ಳುವಂತೆ ಮಾಡುವುದು. ಈ ಆಲೋಚನೆ ಎಷ್ಟು ಸರಳವಾಗಿದೆಯೆಂದರೆ, ಎರಡು ಮೂರು ವರ್ಷಕ್ಕೊಮ್ಮೆ ಯಾವುದಾದರೂ ಪತ್ರಿಕೆಯಲ್ಲಿ ‘ಕ್ಯಾನ್ಸರಿಗೆ ಅಯಸ್ಕಾಂತದ ಮದ್ದು’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಪ್ರಾಣಿಗಳ ಮೇಲೆ ಇದನ್ನು ಮಾಡಿ ತೋರಿಸಿದ್ದು 1978ರಲ್ಲಿ. ಮನುಷ್ಯರ ಯಕೃತ್ತಿನ ಕ್ಯಾನ್ಸರಿನ ಮೇಲೆ ದೊಡ್ಡ ಪ್ರಯೋಗ ಆರಂಭವಾಗಿ ನಿಂತುಹೋದದ್ದು 2004ರಲ್ಲಿ. ಇಂದಿಗೂ ಯಕೃತ್ತಿನ ಕ್ಯಾನ್ಸರಿಗೆ ಇದು ಮಂಜೂರಾದ ಚಿಕಿತ್ಸೆಯಲ್ಲ. ಏಕೆ ಎಂದು ಹುಡುಕುತ್ತಾ ಹೋದರೆ ಭೌತಶಾಸ್ತ್ರಕ್ಕಿಂತ ದೊಡ್ಡದೊಂದು ಅಡ್ಡಿ ಎದುರಾಗುತ್ತದೆ. ಅದು ಕ್ಯಾಥೆಟರ್ ಎಂಬ ತೆಳು ಕೊಳವೆ.

ಮೊದಲು ಯಕೃತ್ತಿನ ವಿಚಾರ. ನಮ್ಮ ಹೆಚ್ಚಿನ ಅಂಗಗಳಿಗೆ ರಕ್ತ ಬರುವುದು ಅಪಧಮನಿಯಿಂದ ಮಾತ್ರ. ಯಕೃತ್ತಿಗೆ ಎರಡು ಕಡೆಯಿಂದ ಬರುತ್ತದೆ. ಕರುಳಿನಿಂದ ಆಹಾರದ ಸತ್ವ ಹೊತ್ತು ತರುವ ಪೋರ್ಟಲ್ ಅಭಿಧಮನಿ ಸುಮಾರು ಮುಕ್ಕಾಲು ಪಾಲು ರಕ್ತ ಕೊಟ್ಟರೆ, ಯಕೃತ್ತಿನ ಅಪಧಮನಿ ಉಳಿದ ಕಾಲು ಭಾಗವನ್ನು ಕೊಡುತ್ತದೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದ ಹೆಪಟೊಸೆಲ್ಯುಲಾರ್ ಕಾರ್ಸಿನೋಮಾದ ಗಡ್ಡೆ ಬೆಳೆಯುತ್ತಾ ಬಂದಂತೆ ಈ ಲೆಕ್ಕ ತಲೆಕೆಳಗಾಗುತ್ತದೆ. ಗಡ್ಡೆ ತನ್ನ ರಕ್ತವನ್ನು ಬಹುತೇಕ ಪೂರ್ತಿಯಾಗಿ ಅಪಧಮನಿಯಿಂದಲೇ ಹೀರುತ್ತದೆ. ಅಂದರೆ ಅಪಧಮನಿಯೊಳಗೆ ಬಿಟ್ಟ ಔಷಧ ಗಡ್ಡೆಗೆ ಹೆಚ್ಚು, ಆರೋಗ್ಯವಂತ ಭಾಗಕ್ಕೆ ಕಡಿಮೆ ತಲಪುತ್ತದೆ. ಪ್ರಕೃತಿಯೇ ಅರ್ಧ ದಾರಿ ತೋರಿಸಿಕೊಟ್ಟಂತಾಯಿತು.

ಈ ಸೌಲಭ್ಯವನ್ನು ವೈದ್ಯರು ಬಹಳ ಹಿಂದೆಯೇ ಬಳಸಿಕೊಂಡಿದ್ದಾರೆ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯ ಮೂಲಕ ಕ್ಯಾಥೆಟರ್ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಅದನ್ನು ಗಡ್ಡೆಗೆ ರಕ್ತ ಕೊಡುವ ಕವಲಿನವರೆಗೆ ಒಯ್ಯುತ್ತಾರೆ. ಅಲ್ಲಿ ಡಾಕ್ಸೊರುಬಿಸಿನ್‌ನಂಥ ಔಷಧವನ್ನು ಲಿಪಿಯೊಡಾಲ್ ಜೊತೆ ಕಲಸಿ ಬಿಡುತ್ತಾರೆ. ಲಿಪಿಯೊಡಾಲ್ ಎಂದರೆ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ. ಅಡುಗೆಮನೆಯ ಗಸಗಸೆಗೂ ಕ್ಯಾನ್ಸರ್ ವಾರ್ಡಿಗೂ ಇಂಥದೊಂದು ನಂಟಿರುವುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ. ಗಡ್ಡೆಯ ಅಡ್ಡಾದಿಡ್ಡಿ ರಕ್ತನಾಳಗಳಲ್ಲಿ ಈ ಎಣ್ಣೆ ವಾರಗಟ್ಟಲೆ ಉಳಿದುಕೊಳ್ಳುತ್ತದೆ. ಆಮೇಲೆ ಸಣ್ಣ ಕಣಗಳಿಂದ ರಕ್ತನಾಳವನ್ನೇ ಮುಚ್ಚಿಬಿಡುತ್ತಾರೆ. ಔಷಧ ಒಳಗೆ ಉಳಿಯುತ್ತದೆ, ಗಡ್ಡೆಗೆ ರಕ್ತವೂ ನಿಲ್ಲುತ್ತದೆ. ಕಿಮೊ ಎಂಬೊಲೈಸೇಷನ್ ಎಂಬ ಈ ಚಿಕಿತ್ಸೆ ರೋಗಿಗಳ ಆಯುಷ್ಯವನ್ನು ನಿಜವಾಗಿ ಹೆಚ್ಚಿಸುತ್ತದೆ ಎಂಬುದನ್ನು ಬಾರ್ಸಿಲೋನಾ ಮತ್ತು ಹಾಂಕಾಂಗ್‌ನ ಎರಡು ಪ್ರಯೋಗಗಳು 2002ರಲ್ಲಿ ತೋರಿಸಿದವು. ಅಯಸ್ಕಾಂತ ಎದುರಿಸಬೇಕಾದ ಪ್ರತಿಸ್ಪರ್ಧಿ ಇದು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಇನ್ನು ಕಣಗಳು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಮರಳಿನಲ್ಲಿ ಎಳೆದಾಡಿದಾಗ ಅದಕ್ಕೆ ಮೀಸೆಯಂತೆ ಮೆತ್ತಿಕೊಳ್ಳುವ ಕಪ್ಪು ಪುಡಿಯಲ್ಲಿ ಹೆಚ್ಚಿನದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಒಂದು ಆಕ್ಸೈಡ್. ಔಷಧ ಹೊರುವ ನ್ಯಾನೊ ಕಣಗಳಲ್ಲಿ ಬಳಸುವುದೂ ಬಹುತೇಕ ಇದನ್ನೇ. ಆದರೆ ಮರಳಿನ ಪುಡಿಗೂ ಇದಕ್ಕೂ ಗಾತ್ರದಲ್ಲಿ ಅಗಾಧ ವ್ಯತ್ಯಾಸ, ಆ ವ್ಯತ್ಯಾಸದಿಂದ ಗುಣವೂ ಬೇರೆಯಾಗುತ್ತದೆ. ಸುಮಾರು 20 ನ್ಯಾನೊಮೀಟರಿಗಿಂತ ಚಿಕ್ಕದಾದ ಮ್ಯಾಗ್ನೆಟೈಟ್ ಕಣ ತನ್ನಷ್ಟಕ್ಕೆ ಅಯಸ್ಕಾಂತವಾಗಿ ಉಳಿಯಲಾರದು. ಕೋಣೆಯ ಬಿಸಿಗೇ ಅದರ ಉತ್ತರ ಧ್ರುವ, ದಕ್ಷಿಣ ಧ್ರುವಗಳು ಕ್ಷಣಕ್ಷಣಕ್ಕೂ ಪಲ್ಟಿ ಹೊಡೆಯುತ್ತಿರುತ್ತವೆ. ಹೊರಗಿನ ಅಯಸ್ಕಾಂತ ಹತ್ತಿರ ಬಂದಾಗ ಎಲ್ಲವೂ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ, ಅದನ್ನು ತೆಗೆದೊಡನೆ ಮತ್ತೆ ಚದುರುತ್ತವೆ. ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಇದಕ್ಕೆ ಹೆಸರು. ರೋಗಿಯ ದೃಷ್ಟಿಯಿಂದ ಇದೊಂದು ದೊಡ್ಡ ಅನುಕೂಲ. ಚಿಕಿತ್ಸೆ ಮುಗಿದ ಮೇಲೂ ಕಣಗಳು ಪರಸ್ಪರ ಅಂಟಿಕೊಂಡು ಗುಂಪುಗಟ್ಟಿದರೆ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಬೀಳುವ ಅಪಾಯವಿದೆ.

ಇಲ್ಲೊಂದು ಅಡ್ಡ ಮಾತು. ರಕ್ತದಲ್ಲಿ ಕಬ್ಬಿಣ ಇರುವುದರಿಂದ ಅಯಸ್ಕಾಂತದ ಬಳೆ, ಹಾಸಿಗೆ, ಸೊಂಟಪಟ್ಟಿಗಳು ರಕ್ತವನ್ನು ಎಳೆದು ರೋಗ ವಾಸಿ ಮಾಡುತ್ತವೆ ಎಂದು ಮಾರುವವರಿದ್ದಾರೆ. ಹಿಮೊಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. ಆಮ್ಲಜನಕ ಹೊತ್ತ ರಕ್ತವನ್ನು ಅಯಸ್ಕಾಂತ ಎಳೆಯುವ ಬದಲು ಅತಿ ಮೆಲ್ಲಗೆ ದೂರ ತಳ್ಳುತ್ತದೆ. ಆ ವ್ಯಾಪಾರಕ್ಕೂ ಈ ಲೇಖನದ ವಿಷಯಕ್ಕೂ ಸಂಬಂಧವಿಲ್ಲ.

ಕಣ ಸಿದ್ಧವಾಯಿತು, ಎಳೆಯುವುದು ಹೇಗೆ? ಬಲವಾದ ಅಯಸ್ಕಾಂತ ಇದ್ದರೆ ಬಲವಾಗಿ ಎಳೆಯುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಎಂಆರ್‌ಐ ಯಂತ್ರದ ಸುರಂಗದ ನಡುಮಧ್ಯದಲ್ಲಿ ಕಾಂತಕ್ಷೇತ್ರ 1.5 ಅಥವಾ 3 ಟೆಸ್ಲಾ ಇರುತ್ತದೆ, ಭೂಮಿಯ ಕಾಂತಕ್ಷೇತ್ರದ ಹತ್ತಾರು ಸಾವಿರ ಪಟ್ಟು. ಆದರೂ ಆ ನಡುಮಧ್ಯದಲ್ಲಿ ಕಣವೊಂದನ್ನು ಇಟ್ಟರೆ ಅದು ಯಾವ ಕಡೆಗೂ ಚಲಿಸುವುದಿಲ್ಲ. ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿರುವುದೇ ಕಾರಣ. ಎತ್ತರದ ಬಯಲಿನಲ್ಲಿಟ್ಟ ಗೋಲಿ ಎಷ್ಟೇ ಎತ್ತರದಲ್ಲಿದ್ದರೂ ಉರುಳುವುದಿಲ್ಲ, ಉರುಳಲು ಇಳಿಜಾರು ಬೇಕು. ಹಾಗೆಯೇ ಕಣವನ್ನು ಎಳೆಯುವುದು ಕಾಂತಕ್ಷೇತ್ರದ ತೀವ್ರತೆ ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ಬೇಗ ಬದಲಾಗುತ್ತದೆ ಎಂಬುದು. ಎಂಆರ್‌ಐ ಯಂತ್ರದ ಬಾಯಿಯ ಬಳಿ ಈ ಬದಲಾವಣೆ ಕಡಿದಾಗಿರುವುದರಿಂದಲೇ ಆಮ್ಲಜನಕದ ಸಿಲಿಂಡರ್ ಕೂಡ ಹಾರಿ ಬಂದು ಅಪ್ಪಳಿಸುತ್ತದೆ.

ಚರ್ಮದ ಮೇಲಿಟ್ಟ ಅಯಸ್ಕಾಂತದ ಹತ್ತಿರ ಈ ಇಳಿಜಾರು ಚೆನ್ನಾಗಿಯೇ ಇರುತ್ತದೆ. ಒಳಕ್ಕೆ ಹೋದಂತೆ ಅದು ಬೇಗ ಸಪ್ಪೆಯಾಗುತ್ತದೆ. ಅಯಸ್ಕಾಂತದ ಗಾತ್ರಕ್ಕೆ ಹೋಲಿಸಿದರೆ ಸಾಕಷ್ಟು ದೂರದಲ್ಲಿ, ಅಂತರ ಎರಡು ಪಟ್ಟಾದರೆ ಈ ಇಳಿಜಾರು ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಪಕ್ಕೆಲುಬಿನ ಮರೆಯಲ್ಲಿ, ಹತ್ತು ಸೆಂಟಿಮೀಟರ್ ಆಳದಲ್ಲಿರುವ ಗಡ್ಡೆಗೆ ಇದು ಕೆಟ್ಟ ಸುದ್ದಿ. ಅದಕ್ಕಿಂತ ಕೆಟ್ಟ ಸುದ್ದಿ 1842ರಷ್ಟು ಹಿಂದೆ ಸ್ಯಾಮ್ಯುಯೆಲ್ ಅರ್ನ್‌ಷಾ ಎಂಬ ಗಣಿತಜ್ಞ ರೂಪಿಸಿದ ಪ್ರಮೇಯದಿಂದ ಬರುತ್ತದೆ. ಹೊರಗೆ ಸ್ಥಿರವಾಗಿ ಇಟ್ಟ ಅಯಸ್ಕಾಂತಗಳನ್ನು ಹೇಗೆ ಜೋಡಿಸಿದರೂ ಅವುಗಳ ಸೆಳೆತವನ್ನು ದೇಹದ ಒಳಗಿನ ಒಂದು ಬಿಂದುವಿನ ಮೇಲೆ, ಭೂತಗನ್ನಡಿಯಲ್ಲಿ ಬಿಸಿಲನ್ನು ಹಿಡಿದಂತೆ, ಕೇಂದ್ರೀಕರಿಸಲು ಬರುವುದಿಲ್ಲ. ಕಣಗಳು ಯಾವಾಗಲೂ ಹೊರಮೈಯ ಕಡೆಗೇ ತುಡಿಯುತ್ತವೆ. ಗಡ್ಡೆಗಿಂತ ಮೇಲೆ, ಅಯಸ್ಕಾಂತಕ್ಕೆ ಹತ್ತಿರದಲ್ಲಿ ಒಳ್ಳೆಯ ಯಕೃತ್ತಿನ ಪದರವಿದ್ದರೆ ಕಣಗಳು ಅಲ್ಲಿಯೇ ಹೆಚ್ಚು ಸೇರುವ ಸಂಭವ.

ಎಳೆತಕ್ಕೆ ಎದುರಾಗಿ ರಕ್ತದ ಹರಿವಿದೆ. ದೊಡ್ಡ ಅಪಧಮನಿಯಲ್ಲಿ ರಕ್ತ ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ಓಡುತ್ತದೆ, ಅಲ್ಲಿ ನ್ಯಾನೊ ಕಣವನ್ನು ತಡೆದು ನಿಲ್ಲಿಸುವ ಮಾತೇ ಇಲ್ಲ. ಲೋಮನಾಳಗಳಲ್ಲಿ ಅದು ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ ವೇಗಕ್ಕೆ ಇಳಿಯುತ್ತದೆ, ಆಟ ನಡೆಯುವುದು ಅಲ್ಲಿ. ಕಣ ದೊಡ್ಡದಾದಷ್ಟೂ ಅನುಕೂಲ: ತ್ರಿಜ್ಯ ಹತ್ತು ಪಟ್ಟು ಹೆಚ್ಚಿದರೆ ಕಾಂತದ ಎಳೆತ ಸಾವಿರ ಪಟ್ಟು ಹೆಚ್ಚುತ್ತದೆ, ರಕ್ತದ ತಡೆ ಹೆಚ್ಚುವುದು ಹತ್ತೇ ಪಟ್ಟು. ಆದರೆ ತೀರಾ ದೊಡ್ಡದಾದರೆ ಲೋಮನಾಳದೊಳಗೆ ಹೋಗುವುದೇ ಇಲ್ಲ. ಈ ಇಕ್ಕಟ್ಟಿನಲ್ಲಿಯೇ ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಒದ್ದಾಡಿದೆ.

1978ರಲ್ಲಿ ಅಮೆರಿಕದ ವಿಡರ್ ಮತ್ತು ಸಂಗಡಿಗರು ಅಲ್ಬ್ಯುಮಿನ್ ಪ್ರೋಟೀನಿನ ಸೂಕ್ಷ್ಮ ಗೋಲಿಗಳಲ್ಲಿ ಮ್ಯಾಗ್ನೆಟೈಟ್ ಮತ್ತು ಡಾಕ್ಸೊರುಬಿಸಿನ್ ತುಂಬಿ ಇಲಿಗಳಿಗೆ ಚುಚ್ಚಿದರು. ಕೆಲವು ವರ್ಷಗಳ ನಂತರ ಗಡ್ಡೆಯಿದ್ದ ಇಲಿಗಳಲ್ಲಿ ಇದೇ ಪ್ರಯೋಗ ಮಾಡಿದಾಗ ಹೆಚ್ಚಿನವುಗಳಲ್ಲಿ ಗಡ್ಡೆ ಕರಗಿಹೋಯಿತು. ಸಂಭ್ರಮ ಪಡಬೇಕಾದ ಫಲಿತಾಂಶವೇ. ಆದರೆ ಗಡ್ಡೆ ಇದ್ದದ್ದು ಇಲಿಯ ಬಾಲದಲ್ಲಿ. ಬಾಲದ ದಪ್ಪವೆಷ್ಟು, ಅಯಸ್ಕಾಂತ ಅದಕ್ಕೆಷ್ಟು ಹತ್ತಿರ! ಮನುಷ್ಯರ ಮೇಲಿನ ಮೊದಲ ಪರೀಕ್ಷೆಯ ವರದಿ 1996ರಲ್ಲಿ ಬರ್ಲಿನ್‌ನಿಂದ ಬಂತು. ಲ್ಯೂಬೆ ಎಂಬ ವೈದ್ಯರ ತಂಡ ಬೇರೆ ಬೇರೆ ಕ್ಯಾನ್ಸರುಗಳ ಮುಂದುವರಿದ ಹಂತದಲ್ಲಿದ್ದ 14 ರೋಗಿಗಳಿಗೆ ಡಾಕ್ಸೊರುಬಿಸಿನ್ ಕುಟುಂಬದ್ದೇ ಆದ ಎಪಿರುಬಿಸಿನ್ ಔಷಧ ಅಂಟಿಸಿದ ನ್ಯಾನೊ ಕಣಗಳನ್ನು ರಕ್ತಕ್ಕೆ ಕೊಟ್ಟು, ಗಡ್ಡೆಯ ಮೇಲೆ ಅಯಸ್ಕಾಂತ ಇಟ್ಟಿತು. ರೋಗಿಗಳು ತಡೆದುಕೊಂಡರು. ಕಣಗಳ ದೊಡ್ಡ ಪಾಲು ಮಾತ್ರ ಬೇಡದ ಕಡೆಗೆ, ಯಕೃತ್ತಿಗೆ ಹೋಗಿ ಸೇರಿತು.

ಹಾಗಾದರೆ ಯಕೃತ್ತಿನ ಕ್ಯಾನ್ಸರಿಗೆ ಅಯಸ್ಕಾಂತವೇ ಬೇಕಿಲ್ಲವಲ್ಲ, ಕಣಗಳು ತಾವಾಗಿಯೇ ಹೋಗುತ್ತವಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ, ಮೋಸದ ಪ್ರಶ್ನೆಯೂ ಹೌದು. ಯಕೃತ್ತಿನಲ್ಲಿ ಕುಪ್ಫರ್ ಕೋಶಗಳೆಂಬ ಭಕ್ಷಕ ಕೋಶಗಳಿವೆ. ರಕ್ತದಲ್ಲಿ ತೇಲಿ ಬರುವ ಬ್ಯಾಕ್ಟೀರಿಯಾ, ಕಸ, ಪರಕೀಯ ಕಣ ಯಾವುದೇ ಇರಲಿ ನುಂಗಿಬಿಡುವುದು ಇವುಗಳ ಕೆಲಸ. ಇವು ಇರುವುದು ಆರೋಗ್ಯವಂತ ಭಾಗದಲ್ಲಿ. ಗಡ್ಡೆಯೊಳಗೆ ಸಾಮಾನ್ಯವಾಗಿ ಬಹಳ ಕಡಿಮೆ. ಅಮೆರಿಕದಲ್ಲಿ 1996ರಲ್ಲಿ ಮಂಜೂರಾದ ಕಬ್ಬಿಣದ ಆಕ್ಸೈಡಿನ ಎಂಆರ್‌ಐ ಔಷಧವೊಂದು ಇದೇ ವ್ಯತ್ಯಾಸವನ್ನು ಬಳಸಿಕೊಂಡಿತ್ತು: ಕಬ್ಬಿಣ ನುಂಗಿದ ಒಳ್ಳೆಯ ಯಕೃತ್ತು ಚಿತ್ರದಲ್ಲಿ ಕಪ್ಪಾಗಿ, ನುಂಗದ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ರೋಗ ಪತ್ತೆಗೆ ಇದು ವರ. ಅದೇ ಕಣಕ್ಕೆ ವಿಷದಂಥ ಔಷಧ ಅಂಟಿಸಿದರೆ, ಕಾಪಾಡಬೇಕಾದ ಭಾಗಕ್ಕೇ ವಿಷ ಬಡಿಸಿದಂತೆ. ಟೊರಾಂಟೊದ ಸಂಶೋಧಕರು ಹತ್ತು ವರ್ಷಗಳ ಪ್ರಕಟಿತ ಅಧ್ಯಯನಗಳನ್ನು ಒಟ್ಟು ಹಾಕಿ 2016ರಲ್ಲಿ ಲೆಕ್ಕ ಮಾಡಿದಾಗ, ರಕ್ತಕ್ಕೆ ಕೊಟ್ಟ ನ್ಯಾನೊ ಕಣಗಳಲ್ಲಿ ಗಡ್ಡೆಗೆ ತಲಪುವುದು ಮಧ್ಯಾಂಕದ, ಅಂದರೆ ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿಯ, ಲೆಕ್ಕದಲ್ಲಿ ಶೇ 0.7 ಮಾತ್ರ ಎಂದು ಕಂಡುಬಂತು. ಶೇಕಡಾ ಒಂದೂ ಇಲ್ಲ.

ಈ ಎಲ್ಲ ಪಾಠ ಕಲಿತು ಕಣಕ್ಕಿಳಿದದ್ದು ಫೆರೆಕ್ಸ್ ಎಂಬ ಅಮೆರಿಕದ ಕಂಪನಿ. ಅವರ ಕಣದ ವಿನ್ಯಾಸ ಜಾಣತನದ್ದು. ಆಕ್ಸೈಡನ್ನು ಬಿಟ್ಟು ಶುದ್ಧ ಕಬ್ಬಿಣವನ್ನೇ ಆರಿಸಿಕೊಂಡರು, ಏಕೆಂದರೆ ಅದೇ ತೂಕಕ್ಕೆ ಅದು ಮ್ಯಾಗ್ನೆಟೈಟಿನ ಎರಡು ಪಟ್ಟಿಗೂ ಹೆಚ್ಚು ಸೆಳೆತಕ್ಕೆ ಒಳಗಾಗುತ್ತದೆ. ಕಬ್ಬಿಣದ ಜೊತೆ ಸಕ್ರಿಯ ಇದ್ದಿಲು ಸೇರಿಸಿದರು. ಇದ್ದಿಲಿನ ರಂಧ್ರಗಳಲ್ಲಿ ಡಾಕ್ಸೊರುಬಿಸಿನ್ ಅಂಟಿ ಕೂರುತ್ತದೆ, ಆಮೇಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕಣದ ಅಳತೆ ಅರ್ಧದಿಂದ ಐದು ಮೈಕ್ರಾನ್, ಕೆಂಪು ರಕ್ತಕಣಕ್ಕಿಂತ ಚಿಕ್ಕದು. ಇದನ್ನು ತೋಳಿನ ನಾಳಕ್ಕೆ ಕೊಡದೆ ಕ್ಯಾಥೆಟರ್ ಮೂಲಕ ನೇರವಾಗಿ ಯಕೃತ್ತಿನ ಅಪಧಮನಿಗೇ ಬಿಟ್ಟರು. ಕುಪ್ಫರ್ ಕೋಶಗಳಿಗೆ ಸಿಗುವ ಮೊದಲೇ ಗಡ್ಡೆಗೆ ತಲಪಲಿ ಎಂಬುದು ಲೆಕ್ಕಾಚಾರ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಆಸ್ಪತ್ರೆಯಲ್ಲಿ ನಾಲ್ವರು ರೋಗಿಗಳಿಗೆ ಈ ಚಿಕಿತ್ಸೆ ನಡೆದ ಬಗೆಯನ್ನು 2004ರ ವರದಿಯೊಂದು ವಿವರಿಸುತ್ತದೆ. ಒಂದೇ ಕಡೆ ಎಕ್ಸ್‌ರೇ ಆಂಜಿಯೋಗ್ರಫಿ ಮತ್ತು ಎಂಆರ್‌ಐ ಎರಡೂ ಇದ್ದ ವ್ಯವಸ್ಥೆ. ಎಕ್ಸ್‌ರೇ ನೋಡುತ್ತಾ ಕ್ಯಾಥೆಟರ್ ಕೂರಿಸಿ, ಅಯಸ್ಕಾಂತ ಇಟ್ಟು, ಒಂದಿಷ್ಟು ಔಷಧ ಬಿಡುವುದು. ಆಮೇಲೆ ರೋಗಿಯನ್ನು ಎಂಆರ್‌ಐ ಕಡೆಗೆ ಸರಿಸುವುದು. ಕಬ್ಬಿಣ ಸೇರಿದ ಜಾಗವೆಲ್ಲ ಚಿತ್ರದಲ್ಲಿ ಕಪ್ಪಾಗಿ ಕಾಣುವುದರಿಂದ ಗಡ್ಡೆಯ ಯಾವ ಮೂಲೆ ಬಾಕಿ ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ತಕ್ಕಂತೆ ಕ್ಯಾಥೆಟರನ್ನು ಬೇರೆ ಕವಲಿಗೆ ಸರಿಸಿ ಮತ್ತೆ ಔಷಧ. ಕೊನೆಗೆ ಗಡ್ಡೆಯ ಗಾತ್ರದ ಶೇ 64ರಿಂದ 91ರಷ್ಟು ಭಾಗಕ್ಕೆ ಕಣಗಳು ತಲಪಿದ್ದವು. ಆರೋಗ್ಯವಂತ ಯಕೃತ್ತಿನ ಶೇ 7ರಿಂದ 30ರಷ್ಟು ಭಾಗಕ್ಕೂ ತಲಪಿದ್ದವು.

ಈ ಎರಡನೆಯ ಅಂಕಿಯನ್ನು ಹಗುರವಾಗಿ ನೋಡುವಂತಿಲ್ಲ. ಈ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಕೊಬ್ಬು ತುಂಬಿದ ಯಕೃತ್ತು ಇವುಗಳಿಂದ ಆಗಲೇ ಗಟ್ಟಿಯಾಗಿ ಸಿರೋಸಿಸ್ ಹಂತ ಮುಟ್ಟಿದ ಅಂಗದಲ್ಲಿ. ನಾವು ‘ಆರೋಗ್ಯವಂತ ಭಾಗ’ ಎನ್ನುವುದು ಹೋಲಿಕೆಗಷ್ಟೇ. ಅದರಲ್ಲಿ ಇನ್ನೊಂದು ಪಾಲು ಕೆಟ್ಟರೆ ರೋಗಿ ಕ್ಯಾನ್ಸರಿಗಿಂತ ಮೊದಲು ಯಕೃತ್ತಿನ ವೈಫಲ್ಯದಿಂದಲೇ ಸಾಯಬಹುದು.

ಅದೇ 2004ರಲ್ಲಿ, ಮಾಮೂಲಿ ಡಾಕ್ಸೊರುಬಿಸಿನ್‌ಗೆ ಹೋಲಿಸುವ ದೊಡ್ಡ ಪ್ರಯೋಗವನ್ನು ಕಂಪನಿ ನಡುವೆಯೇ ನಿಲ್ಲಿಸಿತು. ಉದ್ದೇಶಿಸಿದ ಫಲಿತಾಂಶವನ್ನು ಸಂಖ್ಯಾಶಾಸ್ತ್ರದ ಕಣ್ಣಿಗೆ ಒಪ್ಪುವಂತೆ ತೋರಿಸಲು ಆಗುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಅಯಸ್ಕಾಂತ ಕಣಗಳನ್ನು ಎಳೆಯಲಿಲ್ಲ ಎಂದು ಇದರ ಅರ್ಥವಲ್ಲ, ಎಳೆದದ್ದು ಚಿತ್ರದಲ್ಲೇ ಕಾಣುತ್ತಿತ್ತು. ನನ್ನ ದೃಷ್ಟಿಯಲ್ಲಿ ಸೋಲಿನ ಬೇರು ಬೇರೆ ಕಡೆಗಿದೆ. ಕ್ಯಾಥೆಟರ್ ಗಡ್ಡೆಯ ಬಾಗಿಲಿಗೇ ಬಂದು ನಿಂತ ಮೇಲೆ ಅಯಸ್ಕಾಂತಕ್ಕೆ ಉಳಿದ ಕೆಲಸ ಬಹಳ ಕಡಿಮೆ. ಗಸಗಸೆ ಎಣ್ಣೆ ಯಾವ ಸೆಳೆತವೂ ಇಲ್ಲದೆ ಗಡ್ಡೆಯಲ್ಲಿ ನಿಲ್ಲುತ್ತಿರುವಾಗ, ನಾಳ ಮುಚ್ಚುವ ಕಣಗಳು ಅಗ್ಗವಾಗಿ ಸಿಗುತ್ತಿರುವಾಗ, ಕಬ್ಬಿಣದ ಕಣ, ವಿಶೇಷ ಅಯಸ್ಕಾಂತ, ಎರಡು ಯಂತ್ರಗಳ ಕೋಣೆ ಇವೆಲ್ಲವೂ ಸೇರಿ ಎಷ್ಟು ಹೆಚ್ಚಿನ ಲಾಭ ಕೊಡಬೇಕಾಗಿತ್ತು? ಡಾಕ್ಸೊರುಬಿಸಿನ್ ಈ ಕ್ಯಾನ್ಸರಿನ ವಿರುದ್ಧ ಅಷ್ಟೇನೂ ಪ್ರಬಲ ಔಷಧವಲ್ಲ ಎಂಬುದೂ ಸೇರಿಕೊಂಡಿತು. ಅತ್ಯುತ್ತಮ ಅಂಚೆ ವ್ಯವಸ್ಥೆ ಕಟ್ಟಿದರೂ ಕಳಿಸಿದ ಪತ್ರದಲ್ಲಿ ಹುರುಳಿರಬೇಕು.

ಇದರ ನಂತರದ ಹೊಸ ತಿರುವು ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಕೆನಡಾದ ಮಾಂಟ್ರಿಯಲ್‌ನ ಸಿಲ್ವೇನ್ ಮಾರ್ಟೆಲ್ ಪ್ರಶ್ನೆಯನ್ನೇ ಬದಲಿಸಿದರು. ಕಣವನ್ನು ಹಿಡಿದು ನಿಲ್ಲಿಸಲು ಅಪಾರ ಬಲ ಬೇಕು, ಆದರೆ ಕವಲು ಬಂದಾಗ ಎಡಕ್ಕೋ ಬಲಕ್ಕೋ ತಿರುಗಿಸಲು ಸ್ವಲ್ಪ ಬಲ ಸಾಕು. ಮುಂದಕ್ಕೆ ಒಯ್ಯುವ ಕೆಲಸವನ್ನು ರಕ್ತವೇ ಮಾಡುತ್ತದೆ. ಎಂಆರ್‌ಐ ಯಂತ್ರದಲ್ಲಿ ಚಿತ್ರ ತೆಗೆಯಲೆಂದೇ ಕಾಂತಕ್ಷೇತ್ರವನ್ನು ಬೇಕಾದ ದಿಕ್ಕಿಗೆ ಓರೆ ಮಾಡುವ ಸುರುಳಿಗಳಿರುತ್ತವೆ. ಅವನ್ನೇ ಚುಕ್ಕಾಣಿಯಾಗಿ ಬಳಸಿ ಅವರ ತಂಡ 2007ರಲ್ಲಿ ಜೀವಂತ ಹಂದಿಯ ಕತ್ತಿನ ಅಪಧಮನಿಯಲ್ಲಿ ಒಂದೂವರೆ ಮಿಲಿಮೀಟರಿನ ಗುಂಡನ್ನು ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ನಡೆಸಿ ತೋರಿಸಿತು. 2011ರಲ್ಲಿ, ಡಾಕ್ಸೊರುಬಿಸಿನ್ ತುಂಬಿದ ಸುಮಾರು 50 ಮೈಕ್ರಾನಿನ ಗೋಲಿಗಳನ್ನು ಮೊಲದ ಯಕೃತ್ತಿನ ಬೇಕಾದ ಹಾಲೆಗೆ ಹಾಯಿಸಿದರು. ಇಷ್ಟು ದೊಡ್ಡ ಗೋಲಿ ಸಣ್ಣ ಅಪಧಮನಿಯಲ್ಲಿ ಸಿಕ್ಕಿಕೊಂಡು ಅದನ್ನು ಮುಚ್ಚುತ್ತದೆ, ಅಂದರೆ ಎಂಬೊಲೈಸೇಷನ್ ತಾನಾಗಿಯೇ ಆಗುತ್ತದೆ. ಕ್ಯಾಥೆಟರಿನ ಜೊತೆ ಜಗಳವಾಡದೆ ಅದರೊಂದಿಗೆ ಕೈಜೋಡಿಸಿದ ವಿನ್ಯಾಸ ಇದು. ಆದರೆ ಮೊಲಕ್ಕೆ ಬಳಸಿದ ವಿಶೇಷ ಸುರುಳಿಯ ಬಲ ಮೀಟರಿಗೆ 400 ಮಿಲಿಟೆಸ್ಲಾ. ಆಸ್ಪತ್ರೆಯ ಮಾಮೂಲಿ ಯಂತ್ರದ್ದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು.

ಆ ಕೊರತೆಯನ್ನು ತುಂಬಲು ಅದೇ ನಗರದ ಜಿಲ್ ಸುಲೆ ಅವರ ತಂಡ ಕಂಡುಕೊಂಡ ಉಪಾಯ 2024ರಲ್ಲಿ ಪ್ರಕಟವಾಯಿತು. ಗುರುತ್ವವನ್ನು ಎಲ್ಲರೂ ಮರೆತಿದ್ದರು. ಕಬ್ಬಿಣ ತುಂಬಿದ ಗೋಲಿ ರಕ್ತಕ್ಕಿಂತ ಭಾರ, ತನ್ನಷ್ಟಕ್ಕೆ ಕೆಳಗಿನ ಕವಲಿಗೆ ಜಾರಲು ನೋಡುತ್ತದೆ, ಯಂತ್ರದ ದುರ್ಬಲ ಎಳೆತ ಅದನ್ನು ಮೀರಲಾರದು. ಹಾಗಾದರೆ ಗುರುತ್ವವನ್ನೇ ಜೊತೆಗಾರನನ್ನಾಗಿ ಮಾಡಿಕೊಳ್ಳೋಣ ಎಂದರು. ಗಡ್ಡೆಗೆ ಹೋಗುವ ಪ್ರತಿ ಕವಲಿನಲ್ಲೂ ಗುರುತ್ವ ಮತ್ತು ಕಾಂತಬಲ ಒಂದೇ ಕಡೆಗೆ ಎಳೆಯುವಂತಾಗಲು ರೋಗಿಯನ್ನು ಯಾವ ಭಂಗಿಯಲ್ಲಿ, ಯಂತ್ರದ ಯಾವ ಜಾಗದಲ್ಲಿ ಮಲಗಿಸಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 12 ಹಂದಿಗಳ ಯಕೃತ್ತಿನಲ್ಲಿ ಇದನ್ನು ಪರೀಕ್ಷಿಸಿ, 19 ಕ್ಯಾನ್ಸರ್ ರೋಗಿಗಳ ರಕ್ತನಾಳದ ನಕಾಶೆಗಳ ಮೇಲೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು.

ಇನ್ನೊಂದು ದಾರಿ ನಮ್ಮ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರು ಎಳೆತವನ್ನೇ ಬಿಟ್ಟು ತಿರುಗಿಸುವಿಕೆಯನ್ನು ನೆಚ್ಚಿಕೊಂಡವರು. ಅವರು ವಿಜ್ಞಾನಿ ಪೀರ್ ಫಿಶರ್ ಜೊತೆ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದೆರಡು ಮೈಕ್ರಾನ್ ಉದ್ದದ ಗಾಜಿನ ತಿರುಪುಗಳಿಗೆ ಕಾಂತಲೋಹದ ಲೇಪ ಕೊಟ್ಟು, ಸುತ್ತುವ ದುರ್ಬಲ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅವು ತಿರುಪಿನ ಮೊಳೆಯಂತೆ ದ್ರವವನ್ನು ಕೊರೆದುಕೊಂಡು ಬೇಕಾದ ದಿಕ್ಕಿಗೆ ಈಜಿದವು. ಇಲ್ಲಿ ಸಮನಾದ ಕ್ಷೇತ್ರವೇ ಸಾಕು, ಆಳದ ಸಮಸ್ಯೆ ಅಷ್ಟು ಕಾಡುವುದಿಲ್ಲ. ಆದರೆ ಇವು ನಿಧಾನ. ಹರಿಯುವ ಅಪಧಮನಿಯಲ್ಲಿ ಎದುರೀಜುವ ಶಕ್ತಿ ಇವಕ್ಕಿಲ್ಲ. ಯಕೃತ್ತಿನ ಚಿಕಿತ್ಸೆಗೆ ಇವನ್ನು ಈಗಲೇ ತಳುಕು ಹಾಕುವುದು ಆತುರವಾದೀತು.

ಮಾಂಟ್ರಿಯಲ್ ದಾರಿಯಲ್ಲಿಯೂ ಬಾಕಿ ಕೆಲಸ ಸಣ್ಣದಲ್ಲ. ಎಂಆರ್‌ಐ ಯಂತ್ರ ಒಂದು ಕ್ಷಣ ಚುಕ್ಕಾಣಿ ಹಿಡಿಯಬೇಕು, ಮರುಕ್ಷಣ ಚಿತ್ರ ತೆಗೆಯಬೇಕು, ಅಷ್ಟರಲ್ಲಿ ಗೋಲಿ ಕವಲು ದಾಟಿರುತ್ತದೆ. ಅಪಧಮನಿಯ ಹರಿವನ್ನು ತಗ್ಗಿಸಿಕೊಳ್ಳಬೇಕು. ಪೇಸ್‌ಮೇಕರ್ ಹಾಕಿಸಿಕೊಂಡ ಎಷ್ಟೋ ಮಂದಿಯನ್ನು ಈ ಯಂತ್ರದ ಬಳಿ ಸುಲಭವಾಗಿ ಒಯ್ಯುವಂತಿಲ್ಲ. ಇದೆಲ್ಲ ಮುಗಿದ ಮೇಲೂ ಹಳೆಯ ಪ್ರಶ್ನೆ ಕಾದಿರುತ್ತದೆ: ಅನುಭವಿ ವೈದ್ಯರೊಬ್ಬರ ಕೈಯ ತೆಳು ಕ್ಯಾಥೆಟರ್ ತಲಪಲಾಗದ ಕವಲು ಯಾವುದು? ಗಡ್ಡೆಗೆ ನಾಲ್ಕಾರು ಸಣ್ಣ ನಾಳಗಳಿಂದ ರಕ್ತ ಬರುತ್ತಿದ್ದು, ಪ್ರತಿಯೊಂದಕ್ಕೂ ಕ್ಯಾಥೆಟರ್ ತೂರಿಸಲು ಗಂಟೆಗಟ್ಟಲೆ ಹಿಡಿಯುವ ರೋಗಿಗಳಿದ್ದಾರೆ. ಚುಕ್ಕಾಣಿ ಹಿಡಿದ ಗೋಲಿಗಳನ್ನು ಮಾಮೂಲಿ ಕಿಮೊ ಎಂಬೊಲೈಸೇಷನ್ ಎದುರು ನಿಲ್ಲಿಸಿ ಪರೀಕ್ಷಿಸುವುದಾದರೆ ಅಂಥವರಲ್ಲಿ ಪರೀಕ್ಷಿಸಬೇಕು. ಅಳೆಯಬೇಕಾದದ್ದೂ ಗಡ್ಡೆಯಲ್ಲಿ ಎಷ್ಟು ಕಬ್ಬಿಣ ಸೇರಿತು ಎಂಬುದನ್ನಷ್ಟೇ ಅಲ್ಲ, ಆ ರೋಗಿ ಎಷ್ಟು ತಿಂಗಳು ಹೆಚ್ಚು ಬದುಕಿದರು, ಅವರ ಉಳಿದ ಯಕೃತ್ತು ಎಷ್ಟು ಉಳಿಯಿತು ಎಂಬುದನ್ನೂ.